ಮನೆದೇವರನ್ನು ಕಾವಲಿಗೆ ನಿಲ್ಲಿಸಬೇಡಿ ಎಂದವರು

ನಮ್ಮ ತಿಪಟೂರು ಸೀಮೆಯಲ್ಲಿ ಕಂಪ್ಯೂಟರ್ ಕಲಿಸಿದವರು ಹಲವರಿದ್ದಾರೆ. ಕಲಿತ ಕಂಪ್ಯೂಟರನ್ನು ಕಾಪಾಡಿಕೊಳ್ಳುವುದು ಹೇಗೆಂದು ಕಲಿಸಿದವರು, ನಾನು ಬಲ್ಲಮಟ್ಟಿಗೆ, ಒಬ್ಬರೇ. ಕೊಬ್ಬರಿ ಮಂಡಿಗಳಿಗೂ ಔಷಧಿ ಅಂಗಡಿಗಳಿಗೂ ಪ್ರೆಸ್ಸುಗಳಿಗೂ ಮೊದಲ ಕಂಪ್ಯೂಟರುಗಳು ಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ಆ ದಿನಗಳಲ್ಲಿ, 'ಸೆಕ್ಯುರಿಟಿ' ಎಂದರೆ ಗೋದಾಮಿನ ಮುಂದೆ ದೊಣ್ಣೆ ಹಿಡಿದು ತೂಕಡಿಸುವವನು ಎಂದೇ ನಾವೆಲ್ಲ ತಿಳಿದಿದ್ದೆವು. ಆ ತಿಳಿವಳಿಕೆಯನ್ನು ಬೀದಿ ಬೀದಿ ನಡೆದು, ಬೈದು, ನಗಿಸಿ, ಕೆಲವೊಮ್ಮೆ ಮುನಿಸಿಕೊಂಡು ಮನೆಗೆ ಹೋಗಿ ಮರುದಿನ ಮತ್ತೆ ಬಂದು ತಿದ್ದಿದವರು ಶ್ರೀಮತಿ ಗಿರಿಜಾಂಬಿಕಾ ಅವರು. ಇಲ್ಲಿನ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದು ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರಿಗೆ ಅರ್ಪಿಸುತ್ತಿರುವ ಈ ಗ್ರಂಥದಲ್ಲಿ ನನಗೂ ಒಂದು ಜಾಗ ದೊರೆತಿರುವುದು ನನ್ನ ಭಾಗ್ಯ.

ಅವರ ಪಾಠಪ್ರವಚನದ ಬಗ್ಗೆ ಬರೆಯಲು ನನಗಿಂತ ಯೋಗ್ಯರಾದ ಪ್ರಾಧ್ಯಾಪಕರು ಈ ಗ್ರಂಥದಲ್ಲಿ ಸಾಲಾಗಿ ಕುಳಿತಿದ್ದಾರೆ. ನಾನು ಬರೆಯುವುದು ಅವರ ಬೀದಿಯ ಸೇವೆಯ ಬಗ್ಗೆ. ಸಂಪಾದಕಿಯಾದ ಸರ್ವಮಂಗಳ ಮೇಡಂ ನನ್ನ ಅಂಗಡಿಗೆ ಬಂದು ಲೇಖನ ಕೇಳಿದಾಗ ಎರಡೇ ಷರತ್ತು ಹಾಕಿದರು: "ರುಕ್ಸಾನ, ಬರೀವಾಗ ಅಳಬೇಡ. ಜಗಳಾನೂ ಆಡಬೇಡ." ಮೊದಲನೆಯದನ್ನು ಪಾಲಿಸಲು ಪ್ರಯತ್ನಿಸುತ್ತೇನೆ. ಎರಡನೆಯದಕ್ಕೆ ಮಾತು ಕೊಟ್ಟಿಲ್ಲ.

ಗಿರಿಜಾಂಬಿಕಾ ಮೇಡಂ ತುರುವೇಕೆರೆ ತಾಲ್ಲೂಕಿನ ಸಂಪಿಗೆಯವರು. ಗಣಿತದಲ್ಲಿ ಪದವಿ ಪಡೆದು ಪಾಲಿಟೆಕ್ನಿಕ್ಕಿಗೆ ಗಣಿತ ಹೇಳಲೆಂದೇ ಬಂದರು. ತೊಂಬತ್ತರ ದಶಕದ ಆರಂಭದಲ್ಲಿ ಸಂಸ್ಥೆಗೆ ಕಂಪ್ಯೂಟರುಗಳು ಬಂದಾಗ, ತರಬೇತಿಗೆ ಬೆಂಗಳೂರಿಗೆ ಹೋಗಲು ಗಂಡಸರೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡ ಮೇಲೆ, "ಹಾಗಾದರೆ ನಾನೇ ಹೋಗುತ್ತೇನೆ, ಯಂತ್ರ ಏನು ಕಚ್ಚುತ್ತದೆಯೇ?" ಎಂದು ಹೊರಟವರು ಇವರು. ಹಿಂತಿರುಗಿ ಬಂದವರು ನೋಡುವುದೇನು? ಕಂಪ್ಯೂಟರ್ ಕೊಠಡಿಯ ಹೊರಗೆ ದೇವಸ್ಥಾನದ ಹಾಗೆ ಚಪ್ಪಲಿ ರಾಶಿ. ಒಳಗೆ ದಪ್ಪ ಪರದೆ, ಪರದೆಯ ತುಂಬ ವರ್ಷದ ಧೂಳು. ಕೀಲಿ ಮಾತ್ರ ಪ್ರಾಂಶುಪಾಲರ ಜೇಬಿನಲ್ಲಿ. ಮೇಡಂ ಮೊದಲ ದಿನವೇ ಪರದೆ ಬಿಚ್ಚಿಸಿ ಒಗೆಯಲು ಹಾಕಿಸಿದರು. ಪ್ರಾಂಶುಪಾಲರಿಗೆ ಕೋಪ ಬಂತಂತೆ; ಪರದೆ ಒಗೆದ ನೀರಿನ ಬಣ್ಣ ನೋಡಿದ ಮೇಲೆ ಇಳಿಯಿತಂತೆ.

ಇಷ್ಟು ಶಿಸ್ತಿನವರಾದರೂ ಮೇಡಂ ದೋಷವಿಲ್ಲದವರೇನಲ್ಲ. ಹೊಗಳಿ ಹೊಗಳಿ ಮೂರ್ತಿ ಮಾಡಿ ಕೂರಿಸಿದರೆ ಅವರೇ ನನ್ನನ್ನು ಬೈಯುತ್ತಾರೆ. ಒಮ್ಮೆ ವಾರ್ಷಿಕ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಇಡೀ ಪ್ರಯೋಗಾಲಯಕ್ಕೆ ಹೊಸ ಪಾಸ್‌ವರ್ಡ್ ಹಾಕಿ, ಮನೆಗೆ ಹೋಗಿ ಹಪ್ಪಳ ಒತ್ತಿ, ಬೆಳಿಗ್ಗೆ ಬಂದಾಗ ಅದನ್ನು ಸಂಪೂರ್ಣವಾಗಿ ಮರೆತಿದ್ದರು. ಹೊರಗೆ ಪರೀಕ್ಷಕರು, ಒಳಗೆ ತಲೆ ಮೇಲೆ ಕೈ ಹೊತ್ತ ಮೇಡಂ. ಮಧ್ಯಾಹ್ನದ ಹೊತ್ತಿಗೆ ಅದು ನೆನಪಿಗೆ ಬಂತು, ಪರೀಕ್ಷೆಯೂ ಆಯಿತು. ಅಂದಿನಿಂದ ಅವರು ಪಾಠದ ಕೊನೆಗೆ "ಮರೆಯೋ ಬೀಗ ಹಾಕಬೇಡ್ರಪ್ಪಾ, ನನ್ನ ಕಥೆ ಆಗುತ್ತೆ" ಎಂದು ತಾವೇ ಹೇಳಿ ನಗುವುದುಂಟು.

ನಾನು ಅವರ ಬಳಿಗೆ ಬಂದದ್ದು ತೊಂಬತ್ತೆಂಟರಲ್ಲಿ. ನಮ್ಮ ತಂದೆ ಅಬ್ದುಲ್ ರಹೀಮ್ ಅವರದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ದರ್ಜಿ ಅಂಗಡಿ. ಪಿಯುಸಿ ಮುಗಿದ ಮೇಲೆ ನಾನು ಕಾಜಾ ಹೊಲಿಯುತ್ತ ಕುಳಿತಿದ್ದೆ. ಮೇಡಂ ನಡೆಸುತ್ತಿದ್ದ ಸಂಜೆಯ ಟೈಪಿಂಗ್ ತರಗತಿಗೆ ಸೇರಬೇಕೆಂದು ನನಗೆ ಆಸೆ. ಹೆಣ್ಣುಮಗಳು ಸಂಜೆ ಹೊರಗೆ ಹೋಗುವುದೆಂತು ಎಂದು ಅಬ್ಬಾಗೆ ಹಿಂಜರಿಕೆ. ಇದು ಹೇಗೋ ಮೇಡಂ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ರವಿಕೆ ಕಣ ಹಿಡಿದು ಅಂಗಡಿಗೆ ಬಂದರು.

"ರಹೀಮ್ ಸಾಬ್ರೇ, ಈ ರವಿಕೆ ನಿಮ್ಮ ಮಗಳ ಕೈಲಿ ಹೊಲಿಸಿ."

"ಅವಳಿಗೆ ಇನ್ನೂ ಕೈ ಕುದುರಿಲ್ಲ ಮೇಡಂ. ಕೆಟ್ಟೋಯ್ತದೆ."

"ಕೆಟ್ಟರೆ ಕೆಡಲಿ ಬಿಡಿ. ಕಲಿಯೋರ ಕೈಗೆ ಬಟ್ಟೆ ಕೊಡದೆ ಕೈ ಕುದುರೋದು ಹೆಂಗೆ? ನಾನು ನನ್ನ ಬಟ್ಟೆ ಕೊಟ್ಟಿದೀನಿ. ನೀವು ನಿಮ್ಮ ಮಗಳ್ನ ಒಂದು ಗಂಟೆ ಕೊಡಿ."

ಅಬ್ಬಾ ನಕ್ಕುಬಿಟ್ಟರು. ಮರುದಿನವೇ ನಾನು ತರಗತಿಗೆ ಹೋದೆ. ಆ ರವಿಕೆಯ ತೋಳು ಒಂದು ಉದ್ದ ಒಂದು ಗಿಡ್ಡ ಆಗಿತ್ತು. ಮೇಡಂ ಅದನ್ನು ತೊಟ್ಟುಕೊಂಡೇ ಒಂದು ದಿನ ತರಗತಿಗೆ ಬಂದು, "ನೋಡಿ, ರುಕ್ಸಾನ ಹೊಲಿದದ್ದು" ಎಂದು ಎಲ್ಲರಿಗೂ ತೋರಿಸಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಟೈಪಿಂಗ್ ಕಲಿತ ಮೇಲೆ ನನಗೆ ಕೆಲಸ ಸಿಕ್ಕಿದ್ದು ಜುಂಜಣ್ಣನವರ ಡಿಟಿಪಿ ಅಂಗಡಿಯಲ್ಲಿ; ಸಂಜೆ ಮೇಡಂ ತರಗತಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಜುಂಜಣ್ಣ ಹುಳಿಯಾರು ಕಡೆಯ ಹಟ್ಟಿಯಿಂದ ಬಂದು ಪಟ್ಟಣದಲ್ಲಿ ನೆಲೆ ನಿಂತವರು. ಕುರಿ ಮಾರಿ ಎರಡು ಕಂಪ್ಯೂಟರು ಕೊಂಡ ಧೈರ್ಯಸ್ಥರು; ಮನುಷ್ಯ ಬಂಗಾರ. ಹೆಂಡತಿ ಕಾಳಕ್ಕ ಕೌಂಟರಿನಲ್ಲಿ ಕೂರುತ್ತಿದ್ದರು. ಮದುವೆ ಕಾರ್ಡು, ಮಂಡಿಯವರ ರಸೀತಿ, ಗೃಹಪ್ರವೇಶದ ಆಹ್ವಾನ, ಜೊತೆಗೆ ಸುತ್ತಲಿನ ಹೈಸ್ಕೂಲುಗಳ ಪ್ರಶ್ನೆಪತ್ರಿಕೆ ಎಲ್ಲವನ್ನೂ ನಾನೇ ಟೈಪು ಮಾಡುತ್ತಿದ್ದೆ. ಪ್ರಶ್ನೆಪತ್ರಿಕೆ ಗುಟ್ಟಿನ ವಸ್ತುವಾದ್ದರಿಂದ ಆ ಫೈಲುಗಳಿಗೆ ಪಾಸ್‌ವರ್ಡ್ ಹಾಕಬೇಕೆಂದು ಜುಂಜಣ್ಣನಿಗೂ ಗೊತ್ತಿತ್ತು, ಹಾಕಿಯೂ ಇದ್ದರು. ಏನೆಂದು? ತಮ್ಮ ಮನೆದೇವರಾದ ಜುಂಜಪ್ಪನ ಹೆಸರು. ಅಂಗಡಿಯ ಹೆಸರು 'ಜುಂಜಪ್ಪ ಗ್ರಾಫಿಕ್ಸ್'. ಪಾಸ್‌ವರ್ಡನ್ನು ಪೇಂಟರಿನಿಂದ ದೊಡ್ಡ ಕೆಂಪಕ್ಷರದಲ್ಲಿ ಬರೆಸಿ, ಮೇಲೊಂದು ಟ್ಯೂಬ್‌ಲೈಟನ್ನೂ ಹಾಕಿಸಿ, ಬೀದಿಗೆ ನೇತುಹಾಕಿದ ಅಂಗಡಿ ಜಗತ್ತಿನಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ.

ಬೇರೆ ಏನಾದರೂ ಹಾಕೋಣ ಅಣ್ಣಾ ಎಂದು ನಾನೊಮ್ಮೆ ಹೇಳಿದ್ದೆ. ಅವರು ಹೌಹಾರಿದರು. "ಅಯ್ಯೋ ಬುಡವ್ವ! ಪೆಟ್ಟಿಗೆ ಕಾಯೋನು ಅವ್ನು. ಅವನ ಹೆಸರು ತೆಗೆದ್ರೆ ಕಾಯೋರ್ಯಾರು?" ಇದು ಜುಂಜಣ್ಣ ಒಬ್ಬರ ನಂಬಿಕೆಯಲ್ಲ. ನಮ್ಮ ಸೀಮೆಯ ಅಂಗಡಿಗಳಲ್ಲೆಲ್ಲ ಇದೇ ಪದ್ಧತಿ. ಬಾಗಿಲು ತೆರೆಯುವಾಗ ಮನೆದೇವರ ಹೆಸರು ಹೇಳುವವರು, ಕಂಪ್ಯೂಟರು ತೆರೆಯುವಾಗಲೂ ಅದನ್ನೇ ಹೇಳಿದರು. ಯಾರ ಮನೆದೇವರು ಯಾರೆಂಬುದು ಊರಿಗೆಲ್ಲ ಬಾಯಿಪಾಠ. ಮದುವೆ ಕಾರ್ಡಿನ ನೆತ್ತಿಯ ಮೇಲೆ ಅಚ್ಚು ಹಾಕಿಸಿ ಹಂಚುತ್ತಾರಲ್ಲ!

ಎರಡು ಸಾವಿರದ ಒಂದರ ಫೆಬ್ರವರಿಯಲ್ಲಿ ಆಗಬಾರದ್ದು ಆಯಿತು. ಖಾಸಗಿ ಹೈಸ್ಕೂಲೊಂದರ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಗಣಿತದ ಪತ್ರಿಕೆಯನ್ನು ನಾನು ಟೈಪು ಮಾಡಿ ಕೊಟ್ಟಿದ್ದೆ. ಪರೀಕ್ಷೆಯ ಬೆಳಿಗ್ಗೆ ಅದರ ಜೆರಾಕ್ಸ್ ಪ್ರತಿಗಳು ಬಸ್ ನಿಲ್ದಾಣದಲ್ಲಿ ಕೈಯಿಂದ ಕೈಗೆ ಓಡಾಡಿದವು. ಪರೀಕ್ಷೆ ರದ್ದಾಯಿತು. ಶಾಲೆಯ ಕಾರ್ಯದರ್ಶಿ ಶಂಭುಲಿಂಗಯ್ಯನವರು ನೇರ ಅಂಗಡಿಗೆ ಬಂದರು. ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲೇ ನಿಂತು ಕೂಗಿದರು.

"ಟೈಪ್ ಮಾಡಿದೋಳು ಯಾರು? ಅವಳೇ ಕಳ್ಳಿ! ಇನ್ನಾರ ಕೈಗೆ ಸಿಗುತ್ತೆ ಪೇಪರು? ಸೋಮವಾರದೊಳಗೆ ಒಪ್ಪಿಕೊಂಡ್ರೆ ಸರಿ, ಇಲ್ದಿದ್ರೆ ಸ್ಟೇಷನ್ನಲ್ಲಿ ಇವಳ ಹೆಸರಿಗೇ ಕಂಪ್ಲೇಂಟು!"

ಜುಂಜಣ್ಣ ಕೈ ಮುಗಿದು ನಿಂತರು. ಕಾಳಕ್ಕ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು "ನಮ್ಮ ಹುಡುಗೀನ ಅಂಗನ್ನಬ್ಯಾಡಿ ಸ್ವಾಮಿ, ನಾಲಿಗೆ ಮ್ಯಾಲೆ ನಿಗಾ ಇರ್ಲಿ" ಎಂದರು. ಬೀದಿ ತುಂಬ ಜನ. ಕಳ್ಳಿ ಎಂಬ ಪದ ದರ್ಜಿ ಅಂಗಡಿಯವರೆಗೆ ಹೋಗಲು ಎಷ್ಟು ಹೊತ್ತು ಬೇಕು? ನಾನು ಮನೆ ತಲಪುವ ಮೊದಲೇ ಅದು ತಲಪಿತ್ತು. ಅಬ್ಬಾ ಒಂದೇ ಮಾತು ಕೇಳಿದರು: "ನೀನು ಕೊಟ್ಟೆಯಾ?" "ಇಲ್ಲ ಅಬ್ಬಾ." "ಬಸ್." ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಆ ದಿನ ಅವರ ಹೊಲಿಗೆ ಯಂತ್ರ ಓಡಲಿಲ್ಲ.

ಪೊಲೀಸರ ಭಯಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಗುಟ್ಟಿನ ಕಾಗದ ಹಿಡಿಯುವ ಕೆಲಸದಲ್ಲಿ ಒಮ್ಮೆ ಕಳ್ಳಿ ಅನ್ನಿಸಿಕೊಂಡವಳ ಕೈಗೆ ಮತ್ತೆ ಯಾರು ಒಂದು ಮದುವೆ ಕಾರ್ಡಾದರೂ ಕೊಡುತ್ತಾರೆ? ಕಾಜಾ ಹೊಲಿಯುವುದೇ ಗತಿ. ಅದರಲ್ಲೂ ಜನ ಬಟ್ಟೆ ತಂದುಕೊಟ್ಟರೆ ತಾನೆ!

ಭಾನುವಾರ ಬೆಳಿಗ್ಗೆ ಗಿರಿಜಾಂಬಿಕಾ ಮೇಡಂ ಜುಂಜಣ್ಣನ ಅಂಗಡಿಗೆ ಬಂದರು. ಶಂಭುಲಿಂಗಯ್ಯನವರನ್ನು ಅವರೇ ಹೇಳಿ ಕರೆಸಿದ್ದರು. ಅಬ್ಬಾನನ್ನೂ ನನ್ನನ್ನೂ ಕರೆಸಿದ್ದರು. "ಫೈಲನ್ನು ಕೊನೇ ಸಲ ಪ್ರಿಂಟ್ ಹಾಕಿದ್ದು ಯಾವಾಗ ಅಂತ ಕಂಪ್ಯೂಟರೇ ಬರೆದಿಟ್ಟುಕೊಂಡಿರುತ್ತೆ ಸಾರ್. ನೋಡೋಣ. ಆ ಹೊತ್ತಿನಲ್ಲಿ ಇವಳು ನನ್ನ ತರಗತಿಯಲ್ಲಿದ್ದರೆ ನಾನೇ ಸಾಕ್ಷಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಮೇಡಂ ಮೌಸು ಒತ್ತಿದರು. ಪರದೆಯ ಮೇಲೆ ಬಂದ ಇಸವಿ ಸಾವಿರದ ಒಂಬೈನೂರ ಎಂಬತ್ತು.

ಒಳಗಿನ ಪುಟ್ಟ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ಕರೆಂಟು ಹೋಗಿ ಬಂದಾಗಲೆಲ್ಲ ಆ ಕಂಪ್ಯೂಟರು ಎಂಬತ್ತನೇ ಇಸವಿಯಿಂದ ಹೊಸದಾಗಿ ಬದುಕು ಶುರುಮಾಡುತ್ತಿತ್ತು. ನಮ್ಮೂರಿನ ಕರೆಂಟಿನ ಸಂಗತಿ ಹೇಳುವುದೇ ಬೇಡ. "ಹೊಸ ಬ್ಯಾಟರಿ ಹಾಕಿಸ್ರೀ ಅಂತ ಎಷ್ಟು ಸಲ ಹೇಳಿದ್ದೆ ಜುಂಜಣ್ಣ!" ಎಂದು ಮೇಡಂ ಹಲ್ಲು ಕಚ್ಚಿದರು. ನಾನು ಹುಟ್ಟಿದ್ದು ಎಂಬತ್ತೊಂದರಲ್ಲಿ. ಆ ದಾಖಲೆಯನ್ನು ನಂಬುವುದಾದರೆ ಪ್ರಶ್ನೆಪತ್ರಿಕೆಯನ್ನು ನಾನು ಹುಟ್ಟುವ ಮೊದಲೇ ಕದ್ದಿದ್ದೆ. ಈಗ ಬರೆಯುವಾಗ ನಗು ಬರುತ್ತದೆ. ಅಂದು ಕಣ್ಣು ಕತ್ತಲೆ ಬಂದಿತ್ತು.

ಶಂಭುಲಿಂಗಯ್ಯನವರು ಶಲ್ಯ ಕೊಡವಿ ಎದ್ದರು. "ಆಯ್ತಲ್ಲ ಮೇಡಂ ನಿಮ್ಮ ಸಾಕ್ಷಿ? ಬೀಗದ ಪದ ಗೊತ್ತಿದ್ದು ಪೇಪರು ಟೈಪ್ ಮಾಡಿದೋಳು ಇವಳೊಬ್ಬಳೇ. ಇನ್ನೇನು ಬೇಕು?"

ಮೇಡಂ ಎದ್ದು ಮೆಟ್ಟಿಲ ಮೇಲೆ ಹೋಗಿ ನಿಂತು, ಹೂ ಮಾರುತ್ತ ಬರುತ್ತಿದ್ದ ಹೆಂಗಸನ್ನು ಕರೆದರು. "ಏನಮ್ಮಾ, ಈ ಅಂಗಡಿ ಕಂಪ್ಯೂಟರಿಗೆ ಒಂದು ಗುಟ್ಟಿನ ಹೆಸರು ಇಟ್ಟವ್ರೆ. ಏನಿರಬಹುದು ಹೇಳು ನೋಡೋಣ?"

ಹೂವಿನವಳು ಯೋಚಿಸಲೇ ಇಲ್ಲ. "ಜುಂಜಪ್ಪ ಅಂತ ಇಟ್ಟಿರ್ತಾರೆ, ಇನ್ನೇನು ಇಡ್ತಾರೆ? ಸಂಪಿಗೆ ಮಲ್ಲಿಗೆ ಅಂತ ಇಡಕ್ಕಾಯ್ತದಾ?"

ಆಮೇಲೆ ನೊಣವಿನಕೆರೆ ಬಸ್ಸಿನ ಕಂಡಕ್ಟರನ್ನು ನಿಲ್ಲಿಸಿದರು. ಆತ ಸೀಟಿ ಬಾಯಿಂದ ತೆಗೆದು ತಲೆ ಎತ್ತಿ ನೋಡಿ, "ಬೋರ್ಡ್‌ನಾಗೇ ಬರ್ದವ್ರಲ್ಲ ಮೇಡಮ್ನೋರೇ!" ಎಂದು ನಗುತ್ತ ಹೋದ. ಎದುರು ಗ್ಯಾರೇಜಿನ ವಸೀಮ್, "ನನ್ನ ಕೇಳ್ತೀರಾ? ಜುಂಜಣ್ಣನೇ ದಿನಾ ಜೋರಾಗಿ ಹೇಳ್ಕೊಂಡು ಒತ್ತುತಾರೆ, ನಮ್ಮ ಗ್ಯಾರೇಜಿಗೆ ಕೇಳಿಸುತ್ತೆ" ಎಂದ. ಬೀದಿಯಲ್ಲಿ ನಗು ಎದ್ದಿತು. ಮೇಡಂ ಒಳಗೆ ಬಂದು ಆ ಹೆಸರನ್ನು ಒತ್ತಿದರು. ರದ್ದಾದ ಪತ್ರಿಕೆಯ ಫೈಲು ಬಾಗಿಲು ತೆರೆದುಕೊಂಡಿತು.

"ನೋಡಿದ್ರಾ ಸಾರ್? ಈ ಬೀಗದ ಕೈ ಊರಿಗೆಲ್ಲ ಇದೆ. ನಾನು ಸಂಜೆ ಹೊತ್ತು ಬಂದಾಗಲೆಲ್ಲ ನೋಡಿದೀನಿ, ಈ ಅಂಗಡಿ ಬಾಗಿಲು ತೆರೆದಿಟ್ಟು ಎಲ್ಲಾರೂ ಟೀಗೆ ಹೋಗಿರ್ತಾರೆ. ಅದಿರಲಿ. ಪತ್ರಿಕೆಯ ಒಂದು ಫ್ಲಾಪಿ ನಿಮ್ಮ ಶಾಲೆಗೂ ಬಂದಿತ್ತಲ್ಲ, ಎಲ್ಲಿತ್ತು?"

"ನಮ್ಮ ಆಫೀಸಿನಲ್ಲಿ. ಕಂಪ್ಯೂಟರಿಗೆ ಹಾಕಿ ಭದ್ರವಾಗಿ ಬೀಗ ಹಾಕ್ಸಿದೀನಿ."

"ಏನಂತ? ವೀರಭದ್ರ ಅಂತ ತಾನೆ?"

ಶಂಭುಲಿಂಗಯ್ಯನವರ ಮುಖ ನೋಡಬೇಕಿತ್ತು. ಅವರು ವರ್ಷವರ್ಷ ಮನೆದೇವರ ಕೆಂಡೋತ್ಸವದ ಪ್ರಸಾದವನ್ನು ಬೀದಿಗೆಲ್ಲ ಹಂಚುವವರು. ಶಾಲೆಯ ಒಂದೊಂದು ಮಗುವೂ ಆ ಪ್ರಸಾದ ತಿಂದಿದೆ. ಅವರು ಮತ್ತೆ ಕುರ್ಚಿಯಲ್ಲಿ ಕುಳಿತರು. "ಹಾಗಾದ್ರೆ ಯಾರು ಕದ್ದಿರಬಹುದು ಮೇಡಂ?" ಎಂದು ಕೇಳಿದರು. ದನಿ ಇಳಿದಿತ್ತು.

"ಯಾರು ಬೇಕಾದ್ರೂ ಕದ್ದಿರಬಹುದು. ಅದಕ್ಕೇ ಇವಳೇ ಅನ್ನೋಕೆ ಆಗಲ್ಲ."

ಕದ್ದವರಾರೆಂದು ಇಂದಿಗೂ ತಿಳಿದಿಲ್ಲ. ನನಗೆ ಆ ಕೊರಗೇನೂ ಇಲ್ಲ. ಅಂದು ಮೇಡಂ ಅಷ್ಟಕ್ಕೇ ಬಿಟ್ಟಿದ್ದರೆ ಮಾತ್ರ ಕೊರಗು ಉಳಿಯುತ್ತಿತ್ತು. ಕಂಪ್ಲೇಂಟು ಕೊಡುವುದಿಲ್ಲ, ಇಲ್ಲಿಗೆ ಮುಗಿಯಿತು ಎಂದು ಶಂಭುಲಿಂಗಯ್ಯನವರು ಹೊರಟಾಗ ಮೇಡಂ ಅಡ್ಡ ನಿಂತರು. "ಸಾರ್, ನೀವು ಕೂಗಿದ್ದು ಬೀದಿಯಲ್ಲಿ. ಹಿಂದಕ್ಕೆ ತಗೊಳ್ಳೋದು ಮಾತ್ರ ಒಳಗೊಳಗೇನಾ? ರಹೀಮ್ ಸಾಬ್ರ ಅಂಗಡಿಗೆ ಹೋಗಿ, ಗಿರಾಕಿಗಳು ಇರೋ ಹೊತ್ತಿನಲ್ಲಿ."

ಎರಡು ದಿನ ಬಿಟ್ಟು ಅವರು ಬಂದರು. ಅಂಗಡಿ ತುಂಬ ಗಿರಾಕಿಗಳಿದ್ದರು. ಸುಮ್ಮನೆ ಬಂದು ತಪ್ಪೊಪ್ಪಿಕೊಳ್ಳಲು ಸಂಕೋಚವಾಗಿ ಒಂದು ಶರಟಿನ ಬಟ್ಟೆ ತಂದಿದ್ದರು. ಅಬ್ಬಾ ಟೇಪು ಹಿಡಿದು ಅಳತೆಗೆ ನಿಂತರು. ಎದೆ ಆಯಿತು, ತೋಳಾಯಿತು. ಟೇಪು ಕುತ್ತಿಗೆಗೆ ಬಂದಾಗ ಶಂಭುಲಿಂಗಯ್ಯನವರು ಗಟ್ಟಿಯಾಗಿಯೇ ಹೇಳಿದರು: "ರಹೀಮ್ ಸಾಬ್ರೇ, ನಿಮ್ಮ ಮಗಳ ಮೇಲೆ ಸುಳ್ಳು ಹೊರಿಸಿದೆ. ತಪ್ಪಾಯ್ತು." ಅಬ್ಬಾ ಟೇಪಿನ ಒಳಗೆ ಒಂದು ಬೆರಳು ಇಟ್ಟು, "ಸ್ವಲ್ಪ ಸಡಿಲ ಇರಲಿ ಸಾರ್, ಉಸಿರಾಡೋಕೆ ಆರಾಮಾಗ್ತದೆ" ಎಂದರು. ಅವರು ಹೋದ ಮೇಲೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ಸರ್ವಮಂಗಳ ಮೇಡಂ ಕ್ಷಮಿಸಬೇಕು, ಈ ಸಾಲು ಬರೆಯುವಾಗ ಮೊದಲನೆಯ ಷರತ್ತು ಮುರಿದಿದೆ.

ಅಲ್ಲಿಂದ ಶುರುವಾದದ್ದೇ ಮೇಡಂ ಅವರ ಬೀದಿ ಪಾಠ. ಕೊಬ್ಬರಿ ಹರಾಜಿನ ದಿನ ಮಂಡಿಗಳಿಗೆ ಎಲ್ಲ ಹಳ್ಳಿಯವರೂ ಬರುತ್ತಾರೆಂದು, ಅದೇ ದಿನ ಹರಾಜು ಮುಗಿದ ಮೇಲೆ ಒಂದೊಂದು ಅಂಗಡಿಯ ಹಜಾರದಲ್ಲಿ ಜನ ಸೇರಿಸಿ ಹೇಳುತ್ತಿದ್ದರು. ನಾನೂ ಜೊತೆಗೆ. ಮೊದಲ ಪಾಠ ಮನೆದೇವರದೇ. ಎಷ್ಟು ನಾಜೂಕಿನ ವಿಷಯ! ಒಂದು ಮಾತು ಹೆಚ್ಚುಕಮ್ಮಿಯಾದರೆ ಮಂಡಿಯವರು ಎದ್ದು ಹೋಗುತ್ತಿದ್ದರು. ಮೇಡಂ ಹೇಳಿದ್ದು ಇಷ್ಟು: "ದೇವರ ಹೆಸರು ಬಾಯಲ್ಲಿರಲಿ, ಮನಸ್ಸಲ್ಲಿರಲಿ, ಮೆಷಿನ್ನಿಗೆ ಬೇಡ. ಮನೆದೇವರನ್ನ ಪೂಜೆ ಮಾಡ್ತೀರೋ, ಕಾವಲಿಗೆ ನಿಲ್ಲಿಸ್ತೀರೋ? ಅವನನ್ನ ಸಂಬಳ ಇಲ್ಲದ ವಾಚ್‌ಮನ್ ಮಾಡಬೇಡಿ." ಹಿರಿಯ ಮಂಡಿಯವರೊಬ್ಬರು ತಲೆದೂಗಿ, "ನಿಜ ಕಣ್ರೀ, ಅವನಿಗೆ ಅಪಚಾರ ಅದು" ಎಂದರು. ಅಲ್ಲಿಗೆ ಗೆದ್ದೆವು ಎಂದುಕೊಂಡೆವು.

ಎಲ್ಲಿಯ ಗೆಲುವು! ಮುಂದಿನ ಹರಾಜಿನ ದಿನ ವಿಚಾರಿಸಿದರೆ, ಬೀದಿಯ ಅರ್ಧಕ್ಕರ್ಧ ಅಂಗಡಿಗಳು ಹೆಂಡತಿಯ ತವರಿನ ಮನೆದೇವರಿಗೆ ಬದಲಾಯಿಸಿಕೊಂಡಿದ್ದವು. ಮೇಡಂ ಅಲ್ಲೇ ಕೊಬ್ಬರಿ ಚೀಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಹೊಸ ದಾರಿ ಹೇಳಿಕೊಟ್ಟರು: ಚಿಕ್ಕಂದಿನಲ್ಲಿ ಕಂಡ, ಯಾರಿಗೂ ಹೇಳದ ಒಂದು ಸಂಗತಿಯನ್ನು ನೆನೆಸಿಕೊಳ್ಳಿ, ಅದರಿಂದ ಸಂಬಂಧವಿಲ್ಲದ ಎರಡು ಮೂರು ಪದ ತೆಗೆದು ಒಟ್ಟಿಗೆ ಜೋಡಿಸಿ, ನಡುವೆ ಅಂಕಿ ಹಾಕಿ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ನಮ್ಮ ಕಾಳಕ್ಕ. ಜುಂಜಣ್ಣನ ಅಂಗಡಿಗೆ ಅವರೇ ಹೊಸ ಬೀಗ ಹಾಕಿದರು, ನನಗೆ ಒಬ್ಬಳಿಗೆ ಹೇಳಿದರು, ಗಂಡನಿಗೆ ಹೇಳಲಿಲ್ಲ. "ನಿನ್ ಬಾಯಿಗೆ ಬಿದ್ರೆ ಗ್ಯಾರೇಜಿಗೆ ಕೇಳಿಸ್ತದೆ, ಸುಮ್ಕಿರು." ಆ ಅಂಗಡಿಯ ಕಂಪ್ಯೂಟರು ಈಗಲೂ ಕಾಳಕ್ಕ ಬಂದ ಮೇಲೇ ತೆರೆಯುವುದು.

ಉಳಿದ ಪಾಠಗಳೂ ಹೀಗೆಯೇ ನಮ್ಮ ಅಡುಗೆಮನೆ, ಅಟ್ಟಗಳಿಂದಲೇ ಹುಟ್ಟಿದವು. ವೈರಸ್ ಎಂದರೇನೆಂದು ಗಂಟೆಗಟ್ಟಲೆ ವಿವರಿಸಿದರೂ ಅರ್ಥವಾಗದಿದ್ದವರಿಗೆ, "ಕಂಡಕಂಡೋರ ಫ್ಲಾಪಿ ಅಂದ್ರೆ ಎಂಜಲು ಲೋಟ, ತೊಳೆಯದೆ ಬಾಯಿಗೆ ಇಡ್ತೀರಾ?" ಎಂದರೆ ಸಾಕಾಗುತ್ತಿತ್ತು. ಲೆಕ್ಕಪತ್ರದ ನಕಲನ್ನು ಸೀಡಿಗೆ ಹಾಕಿ ಇಟ್ಟುಕೊಳ್ಳಿ ಎಂದದ್ದಕ್ಕೆ ಮಂಡಿಯವರು ನಿಷ್ಠೆಯಿಂದ ಹಾಕಿಟ್ಟರು, ಎಲ್ಲಿ? ಅದೇ ಕಂಪ್ಯೂಟರಿನ ತಲೆಯ ಮೇಲೆ, ಊದಿನಕಡ್ಡಿಯ ಬೂದಿ ಬೀಳುವ ಜಾಗದಲ್ಲಿ. ಒಮ್ಮೆ ಸಿಡಿಲಿಗೆ ಕಂಪ್ಯೂಟರು ಸುಟ್ಟ ಒಬ್ಬ ವರ್ತಕರ ಸೀಡಿಯನ್ನು ತೆಗೆದು ನೋಡಿದರೆ ಒಳಗೆ ಏನೂ ಇರಲಿಲ್ಲ. ಮೇಡಂ ಅವರಿಗೆ ಹೇಳಿದ ಮಾತು ಇಂದಿಗೂ ಮಂಡಿ ಬೀದಿಯಲ್ಲಿ ಓಡಾಡುತ್ತಿದೆ: "ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಯ್ತಾ ಅಂತ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತೀರಿ. ಸೀಡಿ ತುಂಬಿದೆಯಾ ಅಂತ ಒಂದು ಸಲ ತೆಗೆದು ನೋಡೋಕೆ ಏನಾಗಿತ್ತು ನಿಮಗೆ?" ಅಂದಿನಿಂದ ಆ ವರ್ತಕರು ಪ್ರತಿ ತಿಂಗಳೂ ಸೀಡಿಯನ್ನು ಬಿಳಿಗೆರೆಯ ಮನೆಗೆ ಒಯ್ದು, ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಅಲ್ಲೇ ಬೀರುವಿನಲ್ಲಿ ಇಡುತ್ತಾರೆ.

ಈ ಪಾಠಕ್ಕೆಲ್ಲ ಮೇಡಂ ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಕೊಟ್ಟರೆ ಒಂದು ಲೋಟ ಕಾಫಿ, ಅದೂ ಸಕ್ಕರೆ ಕಡಿಮೆಯಿದ್ದರೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಎಂದು ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದರು. ನನ್ನಂಥ ಹುಡುಗಿಯರನ್ನು ಸರದಿಯ ಮೇಲೆ ಜೊತೆಗೆ ಕರೆದೊಯ್ದು, ಮಾತಾಡಲು ಮುಂದೆ ನಿಲ್ಲಿಸಿ, ತಾವು ಹಿಂದೆ ಕೂರುತ್ತಿದ್ದರು. ನಾವು ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತಿರಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಕಿವಿ ಹಿಂಡುತ್ತಿದ್ದರು. ಎರಡು ಸಾವಿರದ ನಾಲ್ಕರಲ್ಲಿ ನಾನು ಸ್ವಂತ ಡಿಟಿಪಿ ಅಂಗಡಿ ತೆರೆಯುವೆನೆಂದಾಗ ಹಿಂಜರಿಯದೆ "ತೆಗಿ" ಎಂದವರು ಅವರೇ, ಜುಂಜಣ್ಣನಿಗೆ ಸಮಾಧಾನ ಹೇಳಿ ಆಶೀರ್ವಾದ ಕೊಡಿಸಿದವರೂ ಅವರೇ.

ಎರಡು ಸಾವಿರದ ಒಂದರ ಆ ಘಟನೆಯ ಮೇಲೆ ತಾಲ್ಲೂಕಿನ ಖಾಸಗಿ ಶಾಲೆಗಳು ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನೆಲ್ಲ ಒಟ್ಟುಗೂಡಿಸಿ ಮೇಡಂ ಅವರ ಕಣ್ಗಾವಲಿನಲ್ಲೇ ಟೈಪು ಮಾಡಿಸುತ್ತಿದ್ದವು. ಈ ವರ್ಷದ ಆರಂಭದ ಸಭೆಯಲ್ಲಿ ಮೇಡಂ, ತಾವು ನಿವೃತ್ತರಾಗುವುದರಿಂದ ಬೇರೆಯವರನ್ನು ಗೊತ್ತುಮಾಡಿಕೊಳ್ಳಿ ಎಂದರಂತೆ. ಯಾರನ್ನು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ, ಮೊದಲು ನನ್ನ ಹೆಸರು ಹೇಳಿದವರು ಶಂಭುಲಿಂಗಯ್ಯನವರು. ನನಗೆ ಇದನ್ನು ಹೇಳಿದವರು ಮೇಡಂ. ಅವರ ದನಿಯಲ್ಲಿ ಅಂಥ ಖುಷಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಪತ್ರಿಕೆಗಳ ಕಟ್ಟನ್ನು ಅಂಗಡಿಗೆ ತಂದವರೂ ಶಂಭುಲಿಂಗಯ್ಯನವರೇ. ವಯಸ್ಸಾಗಿದೆ, ಕೋಲು ಹಿಡಿದಿದ್ದರು.

"ಒಳಗೆ ಕೂರ್ಲೇನಮ್ಮಾ?"

"ಬೇಡಿ ಸಾರ್. ಟೈಪ್ ಮಾಡೋ ಹೊತ್ತಿನಲ್ಲಿ ಒಳಗೆ ಯಾರೂ ಇರೋ ಹಂಗಿಲ್ಲ. ಹೊರಗೆ ಬೆಂಚಿದೆ."

ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ತಲೆಯಾಡಿಸಿ, ಹೋಗಿ ಬೆಂಚಿನ ಮೇಲೆ ಕುಳಿತರು. ನಾನು ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕುಳಿತೆ. ಹೊತ್ತೇರಿತು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ, "ಏನ್ ಸಾರ್, ಬಿಸಿಲಾಗೆ ಇಲ್ಲಿ ಕುಂತಿದೀರಿ?" ಎಂದು ಕೇಳಿದ್ದು ಕಿಟಕಿಯಿಂದ ಕೇಳಿಸಿತು. ಅದಕ್ಕೆ ಶಂಭುಲಿಂಗಯ್ಯನವರು ಕೊಟ್ಟ ಉತ್ತರವೂ ಕೇಳಿಸಿತು, ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು:

"ನಮ್ಮ ಮಕ್ಕಳ ಪೇಪರು ಒಳಗೈತೆ. ರುಕ್ಸಾನಮ್ಮನ ಕೈಲೈತೆ. ಇನ್ನೇನೂ ಭಯ ಇಲ್ಲ."

ಕೀಲಿಮಣೆಯ ಮೇಲೆ ನನ್ನ ಕೈ ನಿಂತುಹೋಯಿತು. ಸಂಜೆ ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಹೊಗಳುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು, "ಅಷ್ಟು ಹೊತ್ತು ಬಿಸಿಲಲ್ಲಿ ಕೂರಿಸಿದೆಯಲ್ಲೇ, ಕುಡಿಯೋಕೆ ಏನಾದ್ರೂ ಕೊಟ್ಟೆಯಾ?"

"ಎಳನೀರು ಕೊಟ್ಟೆ ಮೇಡಂ. ನಾನೇ ಕೆತ್ತಿಸಿಕೊಂಡು ಬಂದು ಕೈಗೆ ಕೊಟ್ಟೆ."

"ಹಂಗಾದ್ರೆ ಸರಿ," ಎಂದು ಫೋನಿಟ್ಟರು.

ಮೇಡಂ ಈಗ ಸಂಪಿಗೆಯ ಮನೆಗೆ ಹೋಗಿ ಮಧ್ಯಾಹ್ನವೆಲ್ಲ ನಿದ್ದೆ ಮಾಡುವೆನೆಂದು ಹೆದರಿಸುತ್ತಿದ್ದಾರೆ. ನಾವು ಬಿಡುವವರಲ್ಲ. ತುರುವೇಕೆರೆಯ ಸ್ತ್ರೀಶಕ್ತಿ ಸಂಘಗಳಿಗೆ ಹೊಸ ಕಂಪ್ಯೂಟರುಗಳು ಬಂದಿವೆ. ಅವುಗಳ ಪಾಸ್‌ವರ್ಡುಗಳೆಲ್ಲ ಏನಿರಬಹುದೆಂದು ನನಗೂ ಗೊತ್ತು, ಮೇಡಂಗೂ ಗೊತ್ತು, ಊರಿಗೂ ಗೊತ್ತು. ಆ ಸಂಘದವರಿಗೆಲ್ಲ ಮೇಡಂ ಮನೆಯ ವಿಳಾಸ ನಾನೇ ಕೊಟ್ಟಿದ್ದೇನೆ. ಬೈಯುವುದಾದರೆ ನನ್ನನ್ನು ಬೈಯಲಿ. ಆ ಬೈಗುಳ ಇನ್ನೂ ಬಹುಕಾಲ ನಮ್ಮ ಕಿವಿಗೆ ಬೀಳುತ್ತಿರಲಿ. ಅವರ ಕಾಲಿಗೆ ಬಸ್ಸು ಹತ್ತುವ ಕಸುವೂ ಕಣ್ಣಿಗೆ ಬೆಳಕೂ ಉಳಿದಿರಲಿ. ನೂರು ತುಂಬಿದ ಮೇಲೂ ಯಾವುದೋ ಮಂಡಿಯ ಹಜಾರದಲ್ಲಿ ಅವರು ನಗುತ್ತ ಕುಳಿತಿರಲಿ ಎಂದು ಅಲ್ಲಾಹನಲ್ಲಿ ನಾನು ಬೇಡುತ್ತೇನೆ. ಜುಂಜಣ್ಣ ಜುಂಜಪ್ಪನಲ್ಲಿ ಬೇಡುತ್ತಾರೆ. ಶಂಭುಲಿಂಗಯ್ಯನವರು ವೀರಭದ್ರನಲ್ಲಿ ಬೇಡುತ್ತಾರೆ.

ಮೇಡಂ, ಈ ಊರಿನಲ್ಲಿ ನನಗೊಂದು ಹೆಸರಿದೆ. ಅದು ನಮ್ಮ ಅಬ್ಬಾ ಇಟ್ಟದ್ದು. ಉಳಿಸಿಕೊಟ್ಟವರು ನೀವು.